ಮಾತಿಗೂ ಒಂದು ಅಳತೆ ಬೇಕು

ನಮ್ಮ ಚಳ್ಳಕೆರೆ ಸೀಮೆಯಲ್ಲಿ ಮಳೆ ಕಡಿಮೆ, ಮಳೆಗೆ ಇರುವ ಹೆಸರು ಜಾಸ್ತಿ. ಧೂಳು ಅಡಗೋ ಮಳೆ, ತುಂತುರು, ಸೋನೆ, ಜಡಿಮಳೆ, ಹದಮಳೆ, ಬದು ಒಡೆಯೋ ಮಳೆ, ಕೆರೆಗೆ ನೀರು ಬರೋ ಮಳೆ. ಒಂದೊಂದು ಹೆಸರಿನ ಹಿಂದೆಯೂ ಒಂದು ಲೆಕ್ಕ ಇದೆ. "ನಿಮ್ಮ ಕಡೆ ಹೆಂಗಾತು?" ಅಂತ ಬೀಗರನ್ನು ಕೇಳಿದಾಗ "ಹದ ಆತು ಮಾವ" ಅಂದರೆ ಸಾಕು, ನಾಳೆ ಅವರು ಕೂರಿಗೆ ಹೂಡುತ್ತಾರೆ ಅಂತ ತಿಳಿಯುತ್ತದೆ. "ಧೂಳು ಅಡಗೈತೆ ಅಷ್ಟೆ" ಅಂದರೆ ಇನ್ನೂ ಮುಗಿಲು ನೋಡ್ತಾ ಕೂತಿದ್ದಾರೆ ಅಂತ ಅರ್ಥ.

ಟೀವಿ ನ್ಯೂಸಿನವರಿಗೆ ಈ ತಾಪತ್ರಯ ಇಲ್ಲ. ಅವರ ಹತ್ತಿರ ಇರೋದು ರಣಭೀಕರ ಮಳೆ, ರಕ್ಕಸ ಮಳೆ, ವರುಣನ ಆರ್ಭಟ, ಜಲಪ್ರಳಯ. ಬೆಂಗಳೂರಿನ ಒಂದು ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತರೂ ಅದೇ ಮಾತು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿ ಮನೆ, ತೋಟ, ಜನ ಮುಚ್ಚಿಹೋದಾಗಲೂ ಅದೇ ಮಾತು. ಎರಡಕ್ಕೂ ಒಂದೇ ಹೆಸರು ಇಟ್ಟರೆ ಕೇಳಿದವನಿಗೆ ಯಾವುದು ಏನು ಅಂತ ತಿಳಿಯೋದು ಹೇಗೆ?

ಇದನ್ನು ನಕ್ಕು ಬಿಡಬಹುದಿತ್ತು. ನಾವು ಮನೆಯಲ್ಲಿ ನಗುತ್ತೇವೆ ಕೂಡ. ಆದರೆ ಈ ಅಬ್ಬರದ ಮಾತಿನಿಂದ ರೈತರಿಗೆ, ಅದರಲ್ಲೂ ಮಳೆ ನಂಬಿ ಬಿತ್ತುವವರಿಗೆ, ರೊಕ್ಕದ ನಷ್ಟ ಆಗುತ್ತಿದೆ. ಒಮ್ಮೊಮ್ಮೆ ಜೀವಕ್ಕೇ ಸಂಚಕಾರ ಬರುತ್ತಿದೆ. ನಾನು ಓದಿದ್ದು ಏಳನೇ ಕ್ಲಾಸು. ಭಾಷೆ ಬಗ್ಗೆ ಮಾತಾಡೋಕೆ ಪಂಡಿತನಲ್ಲ. ಆದರೂ ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ. ಓದುಗರು ತಮ್ಮ ಅನುಭವದ ಜೊತೆ ತಾಳೆ ನೋಡಲಿ.

ರೇಡಿಯೋದ ಸಪ್ಪೆ ಮಾತು

ನಾನು ಹುಡುಗನಾಗಿದ್ದಾಗ ರೇಡಿಯೋದ ಹವಾಮಾನ ವರದಿ ಕೇಳಿ ಹಿರಿಯರು ನಗುತ್ತಿದ್ದರು. "ಒಂದೆರಡು ಕಡೆ ಹಗುರ ಮಳೆ ಆಗಬಹುದು" ಅನ್ನೋದು ಅವರಿಗೆ ತಪ್ಪಿಸಿಕೊಳ್ಳುವ ಮಾತಿನ ಹಾಗೆ ಕಾಣುತ್ತಿತ್ತು. "ಬಂದ್ರೂ ಅವನದೇ ಸರಿ, ಬರದಿದ್ರೂ ಅವನದೇ ಸರಿ" ಅನ್ನುತ್ತಿದ್ದರು.

ಆ ಸಪ್ಪೆ ಮಾತಿನ ಒಳಗೆ ಲೆಕ್ಕ ಇದೆ. ಹವಾಮಾನ ಇಲಾಖೆಯವರ ಪ್ರಕಾರ ಒಂದು ಪ್ರದೇಶದಲ್ಲಿರುವ ಮಳೆ ಅಳೆಯುವ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಳೆ ಬಿದ್ದರೆ ಅದು ಒಂದೆರಡು ಕಡೆ. 26ರಿಂದ 50 ಆದರೆ ಕೆಲವು ಕಡೆ. 51ರಿಂದ 75 ಆದರೆ ಹಲವು ಕಡೆ. ಅದಕ್ಕೂ ಮೇಲಾದರೆ ವ್ಯಾಪಕ. ಮಳೆಯ ಪ್ರಮಾಣಕ್ಕೂ ಹೀಗೇ. 24 ಗಂಟೆಯಲ್ಲಿ 2.5ರಿಂದ 15.5 ಮಿ.ಮೀ. ಬಂದರೆ ಹಗುರ ಮಳೆ. 15.6ರಿಂದ 64.4ರವರೆಗೆ ಸಾಧಾರಣ. 64.5 ಮುಟ್ಟಿದರೆ ಭಾರೀ, 115.6 ಮುಟ್ಟಿದರೆ ಅತಿ ಭಾರೀ, 204.5 ಮುಟ್ಟಿದರೆ ಅದಕ್ಕೂ ಮೇಲಿನ ವರ್ಗ. ಮೇಘಸ್ಫೋಟ ಅನ್ನಬೇಕಾದರೆ ಸಣ್ಣ ಜಾಗದಲ್ಲಿ ಒಂದೇ ಗಂಟೆಗೆ 100 ಮಿ.ಮೀ. ಸುರಿಯಬೇಕು.

ನಮ್ಮ ಸೀಮೆಯಲ್ಲಿ ವರ್ಷಕ್ಕೆಲ್ಲ ಸೇರಿ 500 ಮಿ.ಮೀ. ಬಂದರೆ ಪುಣ್ಯ. ಅಂದರೆ ನಮ್ಮ ವರ್ಷದ ಪಾಲಿನಲ್ಲಿ ಐದನೇ ಒಂದು ಭಾಗ ಒಂದೇ ಗಂಟೆಯಲ್ಲಿ ಬಿದ್ದರೆ ಅದು ಮೇಘಸ್ಫೋಟ. ಈ ಲೆಕ್ಕ ಗೊತ್ತಿದ್ದವರು ಮೋರಿ ಕಟ್ಟಿಕೊಂಡು ರಸ್ತೆಯಲ್ಲಿ ನೀರು ನಿಂತದ್ದನ್ನು ಮೇಘಸ್ಫೋಟ ಅನ್ನಲಾರರು.

ಇಲಾಖೆಯವರ ಬಣ್ಣಗಳಿಗೂ ಅರ್ಥ ಇದೆ. ಹಸಿರು ಅಂದರೆ ಚಿಂತೆ ಬೇಡ. ಹಳದಿ ಅಂದರೆ ಗಮನ ಇಟ್ಟಿರಿ. ಕಿತ್ತಳೆ ಅಂದರೆ ಸಿದ್ಧರಾಗಿರಿ. ಕೆಂಪು ಅಂದರೆ ಕೂಡಲೇ ಕೆಲಸಕ್ಕೆ ಇಳಿಯಿರಿ. ಶೇಂಗಾ ಕಿತ್ತು ಗುಡ್ಡೆ ಹಾಕಿದಾಗ, ಈರುಳ್ಳಿ ಕಿತ್ತು ಹೊಲದಲ್ಲಿ ಒಣಗಲು ಬಿಟ್ಟಾಗ ಹಳದಿಗೂ ಕಿತ್ತಳೆಗೂ ಇರುವ ವ್ಯತ್ಯಾಸ ಅಂದರೆ ಹತ್ತು ಆಳಿನ ಕೂಲಿ. ಕಿತ್ತಳೆ ಅಂದರೆ ಸಾಲ ಮಾಡಿಯಾದರೂ ಆಳು ಕರೆದು, ಬೆಳೆ ಒಟ್ಟಿ, ಟಾರ್ಪಾಲು ಮುಚ್ಚಬೇಕು. ಹಳದಿ ಅಂದರೆ ಒಂದು ದಿನ ನೋಡಬಹುದು. ಟೀವಿಯಲ್ಲಿ ಹಳದಿಗೂ ಕೆಂಪಿಗೂ ಅದೇ ಡೋಲು, ಅದೇ ಕಿರುಚಾಟ. "ಎಲ್ಲೋ ಅಲರ್ಟ್, ಜನ ತತ್ತರ" ಅಂತ ಬರೆ ಎಳೆಯುತ್ತಾರೆ. ನಾಲ್ಕು ಸಲ ಆಳು ಕರೆದು ಮುಚ್ಚಿ, ನಾಲ್ಕು ಸಲವೂ ಬಿಸಿಲು ಕಂಡವನು ಐದನೇ ಸಲ ಹಾಳಾಗಿ ಹೋಗಲಿ ಅಂತ ಮಲಗುತ್ತಾನೆ. ಐದನೇ ಸಲವೇ ಮಳೆ ಬರುತ್ತದೆ.

ಸಿಡಿಲಿನ ವಿಷಯ ಇನ್ನೂ ಗಂಭೀರ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಕುರಿ ಕಾಯುವವರು ಮರದ ಕೆಳಗೆ ನಿಂತು ಸಿಡಿಲಿಗೆ ಬಲಿಯಾಗುವುದು ಉಂಟು. ಈಗ ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ ಅನ್ನೋ ಮೊಬೈಲ್ ಆ್ಯಪ್ ಇದೆ. ಪುಣೆಯ ಹವಾಮಾನ ಸಂಸ್ಥೆಯವರು ಮಾಡಿದ್ದು. ಆದರೆ ಹಗಲೂ ರಾತ್ರಿ ಮೊಬೈಲಿನಲ್ಲಿ "ಬೆಚ್ಚಿಬೀಳುತ್ತೀರಿ", "ನೋಡಿದರೆ ಶಾಕ್ ಆಗ್ತೀರಿ" ಅಂತ ಬರುವುದನ್ನು ಕೇಳಿ ಕೇಳಿ ಜಡ್ಡುಗಟ್ಟಿದ ಹುಡುಗ, ನಿಜವಾದ ಎಚ್ಚರಿಕೆ ಬಂದಾಗ ಅದನ್ನೂ ಬೆರಳಲ್ಲಿ ಸರಿಸುತ್ತಾನೆ.

ನನ್ನ ಅಣ್ಣನ ಮಗ ಇದಕ್ಕೆ ಒಪ್ಪುವುದಿಲ್ಲ. "ಮೆತ್ತಗೆ ಹೇಳಿದ್ರೆ ಯಾರು ನೋಡ್ತಾರೆ ಚಿಕ್ಕಪ್ಪಾ? ಕೂಗಿದ್ರೇ ಜನ ತಿರುಗಿ ನೋಡೋದು" ಅನ್ನುತ್ತಾನೆ. ಅವನ ಮಾತಲ್ಲೂ ಸ್ವಲ್ಪ ನಿಜ ಇದೆ. ಆದರೆ ರಾತ್ರಿ ಹೊಲ ಕಾಯುವವನನ್ನು ನೋಡಿ. ಕಾಡುಹಂದಿ ಬಂದಾಗ ಅವನು ಕೂಗಿದರೆ ಪಕ್ಕದ ಹೊಲದವರೆಲ್ಲ ಎದ್ದು ಬರುತ್ತಾರೆ. ನರಿ ಬಂದರೂ ನಾಯಿ ಬಂದರೂ ಅದೇ ಕೂಗು ಕೂಗಿದರೆ ಮೂರನೇ ರಾತ್ರಿ ಯಾರೂ ಏಳುವುದಿಲ್ಲ. ಕೂಗಿಗೆ ಬೆಲೆ ಬರುವುದು ಉಳಿದ ಹೊತ್ತು ಸುಮ್ಮನಿದ್ದಾಗ ಮಾತ್ರ.

ಬಾರದ ಮಿಡತೆ, ಬಂದ ಹುಳ

2020ರ ಮೇ ತಿಂಗಳು ನೆನಪಿಸಿಕೊಳ್ಳಿ. ರಾಜಸ್ಥಾನ, ಮಧ್ಯಪ್ರದೇಶ, ಮಹಾರಾಷ್ಟ್ರದ ಕಡೆ ಮಿಡತೆ ಹಿಂಡು ಬಂದಿತ್ತು. ಅಲ್ಲಿಯವರಿಗೆ ಅದು ನಿಜವಾದ ಕಷ್ಟ. ನಮ್ಮ ರಾಜ್ಯದ ಉತ್ತರದ ಜಿಲ್ಲೆಗಳಲ್ಲಿ ಎಚ್ಚರಿಕೆ ಕೊಟ್ಟದ್ದೂ ಸರಿ. ಆದರೆ ಟೀವಿಯಲ್ಲಿ ರಾಕ್ಷಸ ಮಿಡತೆಗಳ ದಂಡಯಾತ್ರೆ ಶುರುವಾಯಿತು. ನಾಳೆ ಬೆಳಗ್ಗೆ ಕರ್ನಾಟಕ ಬೋಳಾಗುತ್ತದೆ ಅನ್ನುವ ಹಾಗೆ ಹೇಳಿದರು. ಅದೇ ಹೊತ್ತಿಗೆ ಕೋಲಾರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಎಕ್ಕದ ಗಿಡದ ತುಂಬಾ ಮಿಡತೆ ಕಂಡವು. ಜನ ಗಾಬರಿಯಾದರು. ಅಧಿಕಾರಿಗಳು ಬಂದು ನೋಡಿ, ಇದು ಎಕ್ಕದ ಗಿಡ ತಿನ್ನುವ ನಮ್ಮದೇ ಮಿಡತೆ, ಆ ಮಿಡತೆ ಅಲ್ಲ ಅಂತ ಸಮಾಧಾನ ಹೇಳಿದರು. ಎಕ್ಕದ ಮಿಡತೆಯನ್ನು ನಮ್ಮ ಊರಿನ ಮಕ್ಕಳೂ ಗುರುತಿಸುತ್ತಾರೆ. ಟೀವಿ ಮಾತು ಕೇಳಿದ ಮೇಲೆ ದೊಡ್ಡವರ ಕಣ್ಣಿಗೂ ಅದು ಬೇರೆಯಾಗಿ ಕಂಡಿತು. ಆ ಮಿಡತೆ ಹಿಂಡು ಕರ್ನಾಟಕಕ್ಕೆ ಬರಲೇ ಇಲ್ಲ.

ಬಂದ ಹುಳ ಬೇರೆಯೇ ಇದೆ. ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಸಿಕ್ಕಿದ್ದು ನಮ್ಮ ರಾಜ್ಯದಲ್ಲೇ, 2018ರ ಮೇ ತಿಂಗಳಲ್ಲಿ, ಶಿವಮೊಗ್ಗ ಕಡೆಯ ಮೆಕ್ಕೆಜೋಳದಲ್ಲಿ. ಎಲೆ ಮೇಲೆ ಗುಂಪಾಗಿ ಮೊಟ್ಟೆ ಇಡುತ್ತದೆ. ಮರಿಹುಳ ಸುಳಿಯೊಳಗೆ ಇಳಿದು ತಿನ್ನುತ್ತದೆ. ಸುಳಿ ತುಂಬಾ ಮರದ ಹೊಟ್ಟಿನಂಥ ಲದ್ದಿ. ಒಂದೆರಡು ವರ್ಷದಲ್ಲಿ ದೇಶದ ಹೆಚ್ಚಿನ ಕಡೆ ಹರಡಿತು. ಮಳೆಯಾಶ್ರಯದ ಮೆಕ್ಕೆಜೋಳ ಬೆಳೆಯುವವರು ಔಷಧಿಗೆ ಸುರಿದ ರೊಕ್ಕ ಎಷ್ಟು ಅಂತ ಅವರವರಿಗೇ ಗೊತ್ತು. ಮೊದಲ ವರ್ಷವೇ "ಸುಳಿ ಬಿಡಿಸಿ ನೋಡಿ, ಹುಳ ಸಣ್ಣದಿರುವಾಗಲೇ ಕ್ರಮ ತಗೊಳ್ಳಿ" ಅಂತ ದಿನಾ ಹತ್ತು ನಿಮಿಷ ಹೇಳಿದ್ದರೆ ಎಷ್ಟೋ ಹೊಲ ಉಳಿಯುತ್ತಿದ್ದವು. ಹುಳ ಸುಳಿಯೊಳಗೆ ಅವಿತು ತಿನ್ನುತ್ತದೆ, ಮಿಡತೆ ಹಾಗೆ ಹಿಂಡಾಗಿ ಹಾರುವುದಿಲ್ಲ. ಕ್ಯಾಮರಾಗೆ ಅದರಲ್ಲಿ ನೋಡಲು ಏನೂ ಇರಲಿಲ್ಲ.

ಅದೇ 2020ರ ಫೆಬ್ರವರಿ-ಮಾರ್ಚಿನಲ್ಲಿ ಕೋಳಿಯಿಂದ ಕೊರೊನಾ ಬರುತ್ತದೆ ಅಂತ ವಾಟ್ಸಾಪಿನಲ್ಲಿ ಹಬ್ಬಿತು. ಹೆಮ್ಮಾರಿ, ಕಿಲ್ಲರ್ ಅಂತ ಮೊದಲೇ ಹೆದರಿದ್ದ ಜನ ಕೋಳಿ ತಿನ್ನುವುದನ್ನೇ ಬಿಟ್ಟರು. ಬೆಳಗಾವಿ ಜಿಲ್ಲೆಯಲ್ಲಿ ಒಬ್ಬ ರೈತರು ಸಾವಿರಾರು ಕೋಳಿಗಳನ್ನು ಜೀವಂತ ಗುಂಡಿಗೆ ಹಾಕಿ ಮುಚ್ಚಿದರು. ಕೋಳಿಗೆ ರೋಗ ಇರಲಿಲ್ಲ. ರೋಗ ಇದ್ದದ್ದು ಮಾತಿಗೆ.

ಬರ ಸದ್ದು ಮಾಡುವುದಿಲ್ಲ

ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ಆಗುವುದು ಬರದ ವಿಷಯದಲ್ಲಿ. ನೆರೆ ಬಂದರೆ ಚಿತ್ರ ಸಿಗುತ್ತದೆ. ಮನೆ ಕೊಚ್ಚಿಹೋಗುತ್ತದೆ, ಸೇತುವೆ ಮುಳುಗುತ್ತದೆ. ಬರ ಬಂದರೆ ಏನೂ ಆಗುವುದಿಲ್ಲ. ಏನೂ ಆಗದೇ ಇರುವುದೇ ಬರ. ಅದನ್ನು ತೋರಿಸೋದು ಹೇಗೆ?

2023ರಲ್ಲಿ ನೋಡಿದಿರಲ್ಲ. ಆ ವರ್ಷದ ಆಗಸ್ಟ್ ತಿಂಗಳು 1901ರಿಂದ ಈಚೆಗೆ ದೇಶದಲ್ಲಿ ಅತಿ ಕಡಿಮೆ ಮಳೆ ಬಂದ ಆಗಸ್ಟು. ನಮ್ಮ ಕಡೆ ಶೇಂಗಾ ಊಡು ಇಳಿಯೋ ಹೊತ್ತು ಅದು. ಆಗ ಮೇಲುಮಣ್ಣು ಒಣಗಿ ಗಟ್ಟಿಯಾದರೆ ಊಡು ಒಳಗೆ ಇಳಿಯುವುದಿಲ್ಲ. ಬಳ್ಳಿ ಹಸಿರಾಗೇ ಇರುತ್ತದೆ, ಕಿತ್ತು ನೋಡಿದರೆ ಕಾಯಿ ಇಲ್ಲ. ಕರ್ನಾಟಕದ 236 ತಾಲ್ಲೂಕುಗಳಲ್ಲಿ ಕೊನೆಗೆ 223 ಬರಪೀಡಿತ ಅಂತ ಘೋಷಣೆಯಾದವು. ಆ ಅಕ್ಟೋಬರಿನಲ್ಲಿ ಕೇಂದ್ರದ ತಂಡ ಪರಿಶೀಲನೆಗೆ ಬರುವ ಹೊತ್ತಿಗೆ ಹಿಂಗಾರಿನ ಒಂದೆರಡು ಹನಿಗೆ ಎಷ್ಟೋ ಹೊಲ ಹಸಿರು ಕಾಣುತ್ತಿದ್ದವು. ಇದು ಹಸಿರು ಬರ, ನೋಡಲು ಹಸಿರು, ಒಳಗೆ ಫಸಲಿಲ್ಲ ಅಂತ ರಾಜ್ಯ ಸರ್ಕಾರದವರು ಬಿಡಿಸಿ ಹೇಳಬೇಕಾಯಿತು.

"ಹಸಿರು ಬರ" ಎಷ್ಟು ಸಣ್ಣ ಮಾತು ನೋಡಿ. ಅದರಲ್ಲಿ ರಕ್ಕಸ ಇಲ್ಲ, ರಣ ಇಲ್ಲ. ನಮ್ಮ ಹೊಲದ ಸ್ಥಿತಿ ಎರಡು ಪದದಲ್ಲಿ ಸರಿಯಾಗಿ ಹೇಳಿತು. ಆದರೆ ದಿನಾ ಪ್ರಳಯ ಕೇಳುವ ಕಿವಿಗೆ ಇಂಥ ಮಾತು ಬೀಳುವುದಿಲ್ಲ. 2012ರ ಡಿಸೆಂಬರ್ 21ಕ್ಕೆ ಲೋಕವೇ ಮುಳುಗುತ್ತದೆ ಅಂತ ಮಾಯಾ ಪಂಚಾಂಗದ ಹೆಸರಲ್ಲಿ ವಾರಗಟ್ಟಲೆ ಹೇಳಿದರಲ್ಲ, ಡಿಸೆಂಬರ್ 22ರ ಬೆಳಗ್ಗೆ ನಾವು ಎಂದಿನಂತೆ ದನಕ್ಕೆ ಮೇವು ಹಾಕಿದೆವು. ಪ್ರಳಯ ಅನ್ನೋ ಮಾತನ್ನು ಹೀಗೆ ಸವೆಸಿದ ಮೇಲೆ, 223 ತಾಲ್ಲೂಕಿನ ಬರಕ್ಕೆ ಹೇಳಲು ಯಾವ ಪದ ಉಳಿಯಿತು?

ಬಯಲಾಟದ ಬಡಾಯಿ ಬೇರೆ

"ನಮ್ಮವರು ಬಡಾಯಿ ಕೊಚ್ಚಲಿಲ್ಲವೇ?" ಅಂತ ಯಾರಾದರೂ ಕೇಳಬಹುದು. ಕೊಚ್ಚಿದ್ದಾರೆ. ನಮ್ಮ ಗಾದೆಗಳಲ್ಲೇ ಇದೆ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅನ್ನುತ್ತೇವೆ. ಆದರೆ ಆರಿದ್ರಾ, ಇಲ್ಲದಿದ್ದರೆ ದಾರಿದ್ರ್ಯ ಅನ್ನುತ್ತೇವೆ. ಬಯಲಾಟದಲ್ಲಿ ಕೌರವ ತೊಡೆ ತಟ್ಟಿ ಮೂರು ಲೋಕ ನಡುಗಿಸುತ್ತಾನೆ. ಅರಳಿಕಟ್ಟೆಯಲ್ಲಿ ಕೂತು ರೈಲು ಬಿಡುವವರು ಪ್ರತಿ ಊರಲ್ಲೂ ಒಬ್ಬರಿದ್ದಾರೆ. ಅವರಿಲ್ಲದ ಕಟ್ಟೆ ಉಪ್ಪಿಲ್ಲದ ಊಟದ ಹಾಗೆ.

ವ್ಯತ್ಯಾಸ ಇಷ್ಟೇ. ಬಯಲಾಟ ಬೆಳಗಿನ ಜಾವಕ್ಕೆ ಮುಗಿಯುತ್ತದೆ. ಮೂರು ಲೋಕ ನಡುಗಿಸಿದ ಕೌರವ ಬಣ್ಣ ಒರೆಸಿಕೊಂಡು, ಅದೇ ದಿನ ನಮ್ಮ ಹೊಲದಲ್ಲಿ ಎಡೆಕುಂಟೆ ಹೊಡೆಯಲು ಬರುತ್ತಾನೆ. ಅವನ ಮಾತು ಆಟದ್ದು ಅಂತ ಅವನಿಗೂ ಗೊತ್ತು, ನಮಗೂ ಗೊತ್ತು. ಅದನ್ನು ನಂಬಿ ಯಾರೂ ಬ್ಯಾಂಕಿಗೆ ಹೋಗಿ ಸಾಲ ತರುವುದಿಲ್ಲ.

ಸಿನಿಮಾದ ಡೈಲಾಗೂ ಹಾಗೇ ಇದ್ದರೆ ಪರವಾಗಿಲ್ಲ. ಒಬ್ಬ ಹೀರೋ ಐವತ್ತು ಜನರನ್ನು ಗಾಳಿಯಲ್ಲಿ ಹಾರಿಸಿದರೆ ಮಕ್ಕಳು ಸಿಳ್ಳೆ ಹೊಡೆಯಲಿ. ಈಗ ಆಟದ ಮಾತು ರಂಗಸ್ಥಳ ಬಿಟ್ಟು ಕೆಳಗಿಳಿದಿದೆ. ಊರಿನ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ನೋಡಿ. ಗ್ರಾಮ ಪಂಚಾಯಿತಿಗೆ ನಿಂತು ಸೋತವನೂ ಅಭಿವೃದ್ಧಿಯ ಹರಿಕಾರ, ಯುವಕರ ಕಣ್ಮಣಿ, ದೀನದಲಿತರ ಆಶಾಕಿರಣ. ಆಶಾಕಿರಣದ ಬೀದಿಯಲ್ಲೇ ಬೀದಿದೀಪ ಉರಿಯುವುದಿಲ್ಲ. ವಾರ್ತೆ ಓದುವವರು ಕೌರವನ ಧ್ವನಿಯಲ್ಲಿ ಓದುತ್ತಾರೆ. ಬೀಜ, ಗೊಬ್ಬರ, ಸಸಿ ಮಾರುವವರು ಅದೇ ಧ್ವನಿಯಲ್ಲಿ ಮಾರುತ್ತಾರೆ. ನಷ್ಟ ಶುರುವಾಗುವುದು ಇಲ್ಲಿಂದ.

ಚಿನ್ನದ ಬೆಳೆಗಳ ಕಥೆ

ಐವತ್ತು ದಾಟಿದ ಓದುಗರಿಗೆ ಈ ಪಟ್ಟಿ ಬಾಯಿಪಾಠ ಇರುತ್ತದೆ.

1990ರ ದಶಕದಲ್ಲಿ ತೇಗ. ಕೆಲವು ಸಾವಿರ ಹಾಕಿ, ಇಪ್ಪತ್ತು ವರ್ಷಕ್ಕೆ ಲಕ್ಷಗಟ್ಟಲೆ ಎಣಿಸಿಕೊಳ್ಳಿ ಅಂತ ಪೇಪರಿನ ಅರ್ಧ ಪುಟದ ಜಾಹೀರಾತು. 1998ರಲ್ಲಿ ಚೆನ್ನೈನ ಒಂದು ದೊಡ್ಡ ಪ್ಲಾಂಟೇಶನ್ ಕಂಪನಿ ಮುಳುಗಿತು. 1999ರಲ್ಲಿ ಸೆಬಿಯವರು ಇಂಥ ಸ್ಕೀಮುಗಳಿಗೆ ನಿಯಮ ತಂದರು. ಅಷ್ಟರಲ್ಲಿ ಜನರ ದುಡ್ಡು ಹೋಗಿತ್ತು.

ಆಮೇಲೆ ವೆನಿಲ್ಲಾ. 2000ದಲ್ಲಿ ಮಡಗಾಸ್ಕರ್ ದ್ವೀಪದಲ್ಲಿ ಚಂಡಮಾರುತ ಬಂದು ಬೆಳೆ ಹಾಳಾಗಿತ್ತು. ನಮ್ಮ ಮಲೆನಾಡು, ಕರಾವಳಿಯಲ್ಲಿ 2003ರ ಸುಮಾರಿಗೆ ಹಸಿ ಬೀನ್ಸು ಕಿಲೋಗೆ 3 ಸಾವಿರ ರೂಪಾಯಿ ದಾಟಿತು. ಬಳ್ಳಿಗೆ ರಾತ್ರಿ ಕಾವಲು ಕೂರುತ್ತಿದ್ದರಂತೆ. ಎರಡು ಮೂರು ವರ್ಷದಲ್ಲಿ ರೇಟು ನೂರರ ಆಸುಪಾಸಿಗೆ ಇಳಿಯಿತು. ಅಲ್ಲಿ ಚಂಡಮಾರುತ ಬಂದಿದ್ದರಿಂದ ಇಲ್ಲಿ ರೇಟು ಬಂದಿದೆ, ಅಲ್ಲಿ ಸರಿಯಾದರೆ ಇಲ್ಲಿ ಬೀಳುತ್ತದೆ ಅನ್ನೋದು ಹಸಿರು ಚಿನ್ನ ಅನ್ನೋ ಎರಡು ಪದದ ಅಡಿಯಲ್ಲಿ ಮುಚ್ಚಿಹೋಗಿತ್ತು.

ನಮ್ಮಂಥ ಒಣಭೂಮಿಯವರಿಗೆ ಬಂದದ್ದು ಜಟ್ರೋಫಾ, ಕಾಡುಹರಳು. 2003ರಲ್ಲಿ ಯೋಜನಾ ಆಯೋಗದ ಸಮಿತಿಯೇ ದೇಶದಲ್ಲಿ 1 ಕೋಟಿ ಹೆಕ್ಟೇರಿಗೂ ಹೆಚ್ಚು ಜಾಗದಲ್ಲಿ ಇದನ್ನು ಬೆಳೆಯುವ ಲೆಕ್ಕ ಹಾಕಿತ್ತು. ನೀರು ಬೇಡ, ಗೊಬ್ಬರ ಬೇಡ, ಬಂಜರಲ್ಲಿ ಡೀಸೆಲ್ ಬೆಳೆಯುತ್ತದೆ ಅಂದರು. ನಮ್ಮ ಅಜ್ಜಂದಿರು ಆ ಗಿಡವನ್ನು ಬೇಲಿಗೆ ಹಾಕುತ್ತಿದ್ದರು, ದನ ತಿನ್ನುವುದಿಲ್ಲ ಅಂತ. ನೀರಿಲ್ಲದಿದ್ದರೂ ಗಿಡ ಸಾಯುವುದಿಲ್ಲ ಅನ್ನೋದು ನಿಜ. ಸಾಯುವುದಿಲ್ಲ ಅನ್ನೋದು ಬೇರೆ, ಕಾಯಿ ಬಿಡುತ್ತದೆ ಅನ್ನೋದು ಬೇರೆ. ಕಾಯಿ ಬಿಡಬೇಕಾದರೆ ಅದಕ್ಕೂ ನೀರು, ಗೊಬ್ಬರ ಬೇಕು. ನಾವು ಅದನ್ನೆಲ್ಲಾ ಕೊಡುವಂತಿದ್ದರೆ ಶೇಂಗಾಗೇ ಕೊಡುತ್ತಿದ್ದೆವು.

ಎಮು ಹಕ್ಕಿಯ ಕಥೆ ಎಲ್ಲರಿಗೂ ಗೊತ್ತು. ಸಿನಿಮಾ ನಟರೇ ಜಾಹೀರಾತಿನಲ್ಲಿ ಬಂದರು. 2012ರಲ್ಲಿ ತಮಿಳುನಾಡಿನ ಪೆರುಂದುರೈ ಕಡೆ ಕಂಪನಿ ಮುಳುಗಿದಾಗ ಹಕ್ಕಿಗೆ ಮೇವು ಹಾಕುವವರೂ ಇರಲಿಲ್ಲ.

ಈಗಿನದು ಯೂಟ್ಯೂಬಿನ ಕಾಲ. ನಮ್ಮ ಸಂಬಂಧಿಕರೊಬ್ಬರು ಎರಡು ವರ್ಷದ ಹಿಂದೆ "ಎಕರೆಗೆ ಒಂದು ಕೋಟಿ" ಅನ್ನೋ ವಿಡಿಯೋ ನೋಡಿ ಎರಡು ಎಕರೆಗೆ ಮಹಾಗನಿ ಹಾಕಿದರು. ಸಸಿ ಕೊಟ್ಟ ಕಂಪನಿಯವರು ಬೈಬ್ಯಾಕ್ ಅಂದಿದ್ದರು. ಸಸಿ ಉಳಿಸಿಕೊಳ್ಳಲು ಬೋರು ಕೊರೆಸಿದರು. ಮೊದಲನೆಯದು ಒಣಗಿತ್ತು, ಎರಡನೆಯದರಲ್ಲಿ ಮೂರು ತಿಂಗಳು ನೀರು ಬಂತು. ಒಟ್ಟು ಮೂರೂವರೆ ಲಕ್ಷ ಸಾಲ. ಕಂಪನಿಯವರ ಫೋನು ಈಗ ಹತ್ತುವುದಿಲ್ಲ. ಅವರ ಹೆಂಡತಿ ನನ್ನ ಹತ್ತಿರ ಹೇಳಿದ ಮಾತು ಇದು: "ಅಣ್ಣಾ, ಅವ್ರು ಐವತ್ತು ಸಾವಿರ ಬರ್ತದೆ ಅಂದಿದ್ರೆ ಇವ್ರು ಲೆಕ್ಕ ಹಾಕ್ತಿದ್ರು. ಕೋಟಿ ಅಂದ್ರು ನೋಡು, ಲೆಕ್ಕಾನೇ ಬಿಟ್ಟುಬಿಟ್ರು." ಈ ವಿಷಯದಲ್ಲಿ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಸಣ್ಣ ಸುಳ್ಳಿಗೆ ನಾವು ಲೆಕ್ಕ ಹಾಕುತ್ತೇವೆ. ದೊಡ್ಡ ಸುಳ್ಳು ಲೆಕ್ಕ ಹಾಕುವ ಬುದ್ಧಿಯನ್ನೇ ಕಿತ್ತುಕೊಳ್ಳುತ್ತದೆ.

ಕಣ್ಣೀರುಳ್ಳಿ ಯಾರ ಕಣ್ಣೀರು?

ಬೆಲೆ ವಿಷಯದ ಮಾತು ಕೇಳಿ. ಈರುಳ್ಳಿ ರೇಟು ಏರಿದ ಕೂಡಲೇ ಪೇಪರಿನಲ್ಲಿ ಕಣ್ಣೀರುಳ್ಳಿ ಅಂತ ದಪ್ಪಕ್ಷರ. ಚಿತ್ರದುರ್ಗ ಜಿಲ್ಲೆಯಲ್ಲಿ ಮಳೆಗಾಲದ ಈರುಳ್ಳಿ ಬೆಳೆಯುವ ನಮಗೆ ಆಗ ನಾಲ್ಕು ಕಾಸು ಕಾಣುವ ಹೊತ್ತು. ರೇಟು ಬಿದ್ದು, ಚೀಲ, ಹಮಾಲಿ, ಲಾರಿ ಬಾಡಿಗೆಗೂ ಸಾಲದೆ ಹೊಲದಲ್ಲೇ ಕುರಿ ಬಿಟ್ಟಾಗ ಆ ಪದ ಅಷ್ಟು ದಪ್ಪಕ್ಷರದಲ್ಲಿ ಬರುವುದಿಲ್ಲ. ಕೊಳ್ಳುವವನ ಕಣ್ಣೀರಿಗೆ ಪದ ಇದೆ, ಬೆಳೆದವನ ಕಣ್ಣೀರಿಗೆ ಪದ ಇಲ್ಲ.

ಟೊಮೆಟೊ ಕೆಂಪು ಸುಂದರಿ. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸು 2 ಸಾವಿರ ರೂಪಾಯಿ ದಾಟಿತ್ತು. ಟೊಮೆಟೊ ಬೆಳೆದು ಕೋಟ್ಯಧಿಪತಿ ಅಂತ ವಾರಗಟ್ಟಲೆ ತೋರಿಸಿದರು. ಅದನ್ನು ನೋಡಿ ಸಸಿ ನೆಟ್ಟವರ ಹಣ್ಣು ಕೊಯ್ಲಿಗೆ ಬರುವಷ್ಟರಲ್ಲಿ, ಸೆಪ್ಟೆಂಬರಿಗೆ, ರೇಟು ನೆಲ ಕಚ್ಚಿತ್ತು. ಆಗ ಕ್ಯಾಮರಾ ಬೇರೆ ಕಡೆ ಹೋಗಿತ್ತು. ಒಬ್ಬ ಕೋಟ್ಯಧಿಪತಿಯ ಸುದ್ದಿಗೆ ಎಷ್ಟು ಜನ ಸಾಲಗಾರರಾದರು ಅನ್ನೋ ಸುದ್ದಿ ಯಾರೂ ಮಾಡಲಿಲ್ಲ.

ನಮ್ಮ ಮನೆಯೊಳಗೂ ನೋಡಿಕೊಳ್ಳೋಣ

ಟೀವಿಯವರನ್ನು ಬೈದು ಕೈ ತೊಳೆದುಕೊಂಡರೆ ಆಗಲಿಲ್ಲ. ಕೃಷಿ ಪತ್ರಿಕೆಗಳಲ್ಲೂ, ಕೃಷಿಮೇಳದ ಭಾಷಣಗಳಲ್ಲೂ ಈ ಕಾಯಿಲೆ ಇದೆ. "ಎಕರೆಗೆ ಹತ್ತು ಲಕ್ಷ ಆದಾಯ" ಅಂತ ತಲೆಬರಹ. ಓದಿ ನೋಡಿದರೆ ಅದು ಖರ್ಚು ಕಳೆಯದ ಒಟ್ಟು ಹಣ. ಶೂನ್ಯ ಬಂಡವಾಳ ಕೃಷಿ ಅಂದರು. ಆ ಪದ್ಧತಿಯಲ್ಲಿ ಒಳ್ಳೆಯದು ಬೇಕಾದಷ್ಟಿದೆ, ನಮ್ಮ ಕಡೆ ಮಾಡುವವರೂ ಇದ್ದಾರೆ. ಆದರೆ ಆಳಿನ ಕೂಲಿ ಶೂನ್ಯವೇ? ಮನೆಯವರ ರಟ್ಟೆ ಶೂನ್ಯವೇ? ಮುಂದೆ ಪಾಳೇಕರ್ ಅವರೇ ಆ ಪದ್ಧತಿಯ ಹೆಸರು ಬದಲಾಯಿಸಿದರು.

ನನ್ನ ಒಂದು ಎಕರೆ ಮಳೆಯಾಶ್ರಯದ ಶೇಂಗಾದ ಲೆಕ್ಕ ಕೊಡುತ್ತೇನೆ. ಇದು ಮಳೆ ಚೆನ್ನಾಗಿದ್ದ ವರ್ಷದ್ದು. ಕಾಯಿ 4 ಕ್ವಿಂಟಾಲ್, ಮಾರಿದ್ದು ಕ್ವಿಂಟಾಲಿಗೆ 6 ಸಾವಿರದಂತೆ 24 ಸಾವಿರ ರೂಪಾಯಿ. ಬೀಜಕ್ಕೆ 4,500, ಉಳುಮೆ-ಬಿತ್ತನೆಗೆ 3,500, ಗೊಬ್ಬರಕ್ಕೆ 2,000, ಕಳೆಗೆ 3,000, ಕೀಳಲು-ಬಿಡಿಸಲು 4,500, ಸಾಗಣೆ-ಹಮಾಲಿಗೆ 1,000. ಒಟ್ಟು 18,500. ಉಳಿದದ್ದು 5,500 ಮತ್ತು ದನಕ್ಕೆ ಶೇಂಗಾ ಬಳ್ಳಿ. ನಮ್ಮ ಮನೆಯವರ ದುಡಿಮೆ ಇದರಲ್ಲಿ ಹಿಡಿದಿಲ್ಲ.

ಇದನ್ನು "24 ಸಾವಿರ ಗಳಿಸಿದ ಬಂಗಾರದ ಮನುಷ್ಯ" ಅಂತಲೂ ಬರೆಯಬಹುದು. ಆದರೆ ಅದನ್ನು ಓದಿದ ಪಟ್ಟಣದವರು ರೈತನಿಗೇನು ಕಮ್ಮಿ ಅನ್ನುತ್ತಾರೆ. ಇನ್ನೊಂದು ಕಡೆ ಎಕರೆಗೆ ಕೋಟಿ ಅನ್ನೋದನ್ನು ದಿನಾ ನೋಡುವ ನಮ್ಮ ಹುಡುಗರಿಗೆ 5,500 ಉಳಿಸಿದ ಅಪ್ಪ ಕೈಲಾಗದವನಂತೆ ಕಾಣುತ್ತಾನೆ. ಆ ಮಣ್ಣಲ್ಲಿ, ಆ ಮಳೆಯಲ್ಲಿ ಸಾಲ ಆಗದಂತೆ ವರ್ಷ ದಾಟಿಸುವುದೇ ಒಂದು ಕಸುಬು ಅಂತ ಅವರಿಗೆ ಹೇಳುವವರಿಲ್ಲ. ಮನೆಯ ಮಕ್ಕಳ ಕಣ್ಣಲ್ಲಿ ಸಣ್ಣವರಾಗುವುದು ನನಗೆ ರೊಕ್ಕ ಹೋದದ್ದಕ್ಕಿಂತ ದೊಡ್ಡ ನಷ್ಟವಾಗಿ ಕಾಣುತ್ತದೆ.

ನಾವು ಮಾಡಬಹುದಾದದ್ದು

ಟೀವಿಯವರನ್ನು ಬದಲಾಯಿಸುವ ಶಕ್ತಿ ನಮಗಿಲ್ಲ. ನಮ್ಮ ಕೈಲಾಗುವ ಕೆಲವು ಕೆಲಸ ಇವೆ.

ಒಂದು, ಮನೆ ಮುಂದೆ ಒಂದು ಮಳೆಮಾಪಕ ಇಡಿ. ತಳದಿಂದ ಬಾಯಿವರೆಗೆ ಒಂದೇ ಅಗಲ ಇರುವ ಡಬ್ಬಿಯನ್ನು ಬಯಲಲ್ಲಿ ನೆಟ್ಟಗಿಟ್ಟು, ಬೆಳಗ್ಗೆ ಸ್ಕೇಲು ಇಟ್ಟು ನೋಡಿದರೂ ಸಾಕು. ಒಂದು ಮಿ.ಮೀ. ಮಳೆ ಅಂದರೆ ಎಕರೆಗೆ ಸುಮಾರು 4 ಸಾವಿರ ಲೀಟರ್ ನೀರು. ಹತ್ತು ಮಿ.ಮೀ. ಅಂದರೆ 40 ಸಾವಿರ. ಬರೆದಿಟ್ಟರೆ ನಮ್ಮ ಮಳೆ ನಮ್ಮ ಪುಸ್ತಕದಲ್ಲಿರುತ್ತದೆ, ರಣಭೀಕರವೋ ಅಲ್ಲವೋ ಬೇರೆಯವರು ಹೇಳಬೇಕಿಲ್ಲ.

ಎರಡು, ಯಾವುದೇ ಯಶಸ್ಸಿನ ಕಥೆ ಕೇಳಿದಾಗ ಐದು ಪ್ರಶ್ನೆ ಕೇಳಿ. ಎಷ್ಟು ಎಕರೆ? ನೀರು ಎಲ್ಲಿಂದ? ಹೇಳಿದ ಹಣ ಖರ್ಚು ಕಳೆದದ್ದೋ, ಕಳೆಯದ್ದೋ? ಇದು ಎಷ್ಟನೇ ವರ್ಷದ ಬೆಳೆ, ಹಿಂದಿನ ವರ್ಷಗಳಲ್ಲಿ ಏನಾಯಿತು? ಕೊನೆಯದು ಮುಖ್ಯ: ಇದನ್ನು ಹೇಳುತ್ತಿರುವವರು ಬೆಳೆ ಮಾರುತ್ತಾರೋ, ಸಸಿ ಮಾರುತ್ತಾರೋ?

ಮೂರು, ಬೀಜದ ಚೀಲದಲ್ಲಿ ದೊಡ್ಡಕ್ಷರ ಬಿಟ್ಟು ಸಣ್ಣ ಚೀಟಿ ಓದಿ. ಮುಂದುಗಡೆ ಬಂಪರ್ ಇಳುವರಿ ಅಂತ ಇರುತ್ತದೆ. ಚೀಟಿಯಲ್ಲಿ ಮೊಳಕೆ ಪ್ರಮಾಣ, ಶುದ್ಧತೆ, ಪರೀಕ್ಷೆ ಮಾಡಿದ ತಾರೀಕು ಇರುತ್ತದೆ. ಶೇಂಗಾಗೆ ಕಾನೂನು ಕೇಳುವ ಮೊಳಕೆ ಕನಿಷ್ಠ ನೂರಕ್ಕೆ 70. ಕಾನೂನಿಗೆ ಉತ್ತರ ಕೊಡಬೇಕಾದ ಮಾತು ಆ ಸಣ್ಣ ಚೀಟಿಯಲ್ಲಿರುತ್ತದೆ.

ನಾಲ್ಕು, ಬಿಲ್ಲು, ಚೀಟಿ, ಹಂಚಿದ ಕರಪತ್ರ ಎಸೆಯಬೇಡಿ. ಬೀಜ ಕೊಂಡ ರೈತನೂ ಗ್ರಾಹಕನೇ ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಅದರಲ್ಲಿ ಬಂದು ಹೊಗಳುವ ನಟರಿಗೂ ಇದು ಅನ್ವಯಿಸುತ್ತದೆ. ಕರಪತ್ರ ಕೈಯಲ್ಲಿದ್ದರೆ ಅದೇ ಸಾಕ್ಷಿ.

ಐದು, ನಮ್ಮ ಪತ್ರಿಕೆಗೆ ಬರೆಯುವಾಗ ನಾವೇ ಒಂದು ನಿಯಮ ಮಾಡಿಕೊಳ್ಳೋಣ. ಆದಾಯ ಬರೆದರೆ ಖರ್ಚನ್ನೂ ಬರೆಯೋಣ. ಒಂದು ಒಳ್ಳೇ ವರ್ಷ ಬರೆದರೆ ಒಂದು ಕೆಟ್ಟ ವರ್ಷವನ್ನೂ ಬರೆಯೋಣ. ಊರಿನ ಮಳೆ ಎಷ್ಟು, ಮಣ್ಣು ಯಾವುದು ಅಂತ ತಪ್ಪದೆ ಹಾಕೋಣ. ಹಾಗೆ ಬರೆದದ್ದನ್ನು ಓದಿದವರು ತಮ್ಮ ಹೊಲಕ್ಕೆ ಅದು ಆಗುತ್ತದೋ ಇಲ್ಲವೋ ಅಂತ ತಾವೇ ತೀರ್ಮಾನ ಮಾಡಬಹುದು.

ಹಿಂದೆ ಕಣದಲ್ಲಿ ಕಾಳು ಅಳೆಯುವಾಗ ಕೊಳಗದ ಮೇಲೆ ಗೋಪುರ ಕಟ್ಟಿ ಅಳೆಯುವವರೂ ಇದ್ದರು, ಕೈಯಿಂದ ಗೀಚಿ ಸಮ ಮಾಡಿ ಅಳೆಯುವವರೂ ಇದ್ದರು. ಯಾವ ಅಳತೆ ಅಂತ ಮೊದಲೇ ಮಾತಾಗಿರುತ್ತಿತ್ತು, ಅದಕ್ಕೇ ಜಗಳ ಬರುತ್ತಿರಲಿಲ್ಲ. ಈ ಮುಂಗಾರಿಗೆ ನಿಮ್ಮ ಊರಲ್ಲಿ ಎಷ್ಟು ಮಿ.ಮೀ. ಮಳೆಯಾಯಿತು, ಎಕರೆಗೆ ಖರ್ಚೆಷ್ಟು, ಉಳಿದದ್ದೆಷ್ಟು ಅಂತ ಒಂದು ಕಾರ್ಡಿನಲ್ಲಾದರೂ ಬರೆದು ಪತ್ರಿಕೆಗೆ ಕಳಿಸಿ. ಸಂಪಾದಕರು ಅದಕ್ಕೆ ಒಂದು ಪುಟ ಕೊಟ್ಟರೆ ನನ್ನ ಲೆಕ್ಕವನ್ನು ನಾನು ಮೊದಲು ಕಳಿಸುತ್ತೇನೆ.